ಎರಕದ ಗುಳ್ಳೆಯೋ, ಶಾಸನದ ಸೊನ್ನೆಯೋ? ಹಲ್ಲಿನ ಅಚ್ಚಿಗೆ ಕಲ್ಲು ಹೊಯ್ಯುವವರಿಂದ ನಾವು ಕಲಿಯಬೇಕಾದದ್ದು

ಶಾಸನದ ಪಡಿಯಚ್ಚು ತೆಗೆಯುವುದನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಕುಟ್ಟಿ, ಮೇಲೆ ಮಸಿ ಒತ್ತಿದರೆ ಹಿನ್ನೆಲೆ ಕಪ್ಪಾಗಿ ಅಕ್ಷರ ಬಿಳಿಯಾಗಿ ನಿಲ್ಲುತ್ತದೆ. ಓದುವ ಕೆಲಸಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಇದೇ ನಡೆದುಬಂದಿದೆ, ಚೆನ್ನಾಗಿಯೇ ನಡೆದಿದೆ. ಆದರೆ ಪಡಿಯಚ್ಚು ಚಪ್ಪಟೆ. ಉಳಿ ಎಷ್ಟು ಆಳಕ್ಕೆ ಇಳಿದಿದೆ, ಗೆರೆಯ ತಳ ಚೂಪೋ ದುಂಡೋ, ಹಳೆಯ ಗೆರೆಯ ಮೇಲೆ ಹೊಸ ಗೆರೆ ಹಾದಿದೆಯೋ, ಇವೆಲ್ಲ ಮಸಿಯಲ್ಲಿ ಕಾಣೋದಿಲ್ಲ. ಅದಕ್ಕೆ ಎರಕವೇ ಬೇಕು. ಮೂಲದ ಮೇಲೆ ಮೆದು ಪದಾರ್ಥ ಒತ್ತಿ ಅಚ್ಚು ತೆಗೆಯುವುದು, ಆ ಅಚ್ಚಿನೊಳಕ್ಕೆ ಗಟ್ಟಿಯಾಗುವ ಪದಾರ್ಥ ಹೊಯ್ಯುವುದು. ಅಚ್ಚಿನಲ್ಲಿ ಎಲ್ಲವೂ ತಿರುವುಮುರುವು, ಎರಕದಲ್ಲಿ ಮತ್ತೆ ನೇರ.

ಈ ಕೆಲಸವನ್ನು ದಿನಬೆಳಗಾದರೆ, ಅತ್ಯಂತ ಕಟ್ಟುನಿಟ್ಟಾಗಿ ಮಾಡುವವರು ಶಾಸನತಜ್ಞರಲ್ಲ, ವಸ್ತುಸಂಗ್ರಹಾಲಯದವರೂ ಅಲ್ಲ. ಹಲ್ಲಿನ ವೈದ್ಯರ ಹಿಂದೆ ಕೂತು ಕೆಲಸ ಮಾಡುವ ಡೆಂಟಲ್ ಲ್ಯಾಬಿನವರು. ಕ್ಯಾಪ್ ಹಾಕಿಸಿಕೊಳ್ಳಲು ಹೋದವರು ಮನೆಗೆ ಬಂದು ‘ಹಲ್ಲಿನ ಅಳತೆ ಕೊಟ್ಟು ಬಂದೆ’ ಅಂತಾರಲ್ಲ, ಆ ಅಳತೆಯೇ ಅಚ್ಚು. ಅದಕ್ಕೆ ಲ್ಯಾಬಿನಲ್ಲಿ ಡೆಂಟಲ್ ಸ್ಟೋನ್ ಹೊಯ್ದು ಬಾಯಿಯ ಪಡಿ ಮಾಡುತ್ತಾರೆ, ಆ ಪಡಿಯ ಮೇಲೆ ಕೂಡುವ ಹಾಗೆ ಕ್ಯಾಪ್ ತಯಾರಾಗುತ್ತದೆ. ಕ್ಯಾಪಿನ ಅಂಚು ಹಲ್ಲಿಗೆ ಕೂಡುವಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸಂದು ಉಳಿದರೂ ಅದು ಚರ್ಚೆಯ ವಿಷಯ. ತಪ್ಪಿದರೆ ಗಿರಾಕಿ ವಾರದೊಳಗೆ ವಾಪಸ್ ಬರುತ್ತಾನೆ. ನಮ್ಮ ಎರಕ ತಪ್ಪಿದರೆ ಯಾರೂ ವಾಪಸ್ ಬರೋದಿಲ್ಲ; ತಪ್ಪು ಓದು ಪುಸ್ತಕ ಸೇರಿ ಅಲ್ಲೇ ಉಳಿಯುತ್ತದೆ. ಅದಕ್ಕೇ ಅವರ ಶಿಸ್ತನ್ನು ನಾವು ಕಲಿಯಬೇಕು ಅನ್ನುವುದು.

ಪುಡಿ ಮತ್ತು ನೀರು

ಹಲ್ಲಿನ ಅಚ್ಚಿಗೆ ಜಿಪ್ಸಮ್ ಹೊಯ್ಯುವ ಪದ್ಧತಿ ಹಳೆಯದು. ಪ್ರಷ್ಯಾದ ದೊರೆ ಫ್ರೆಡರಿಕ್‌ನ ದಂತವೈದ್ಯ ಫಿಲಿಪ್ ಫಾಫ್ 1756ರಲ್ಲಿ ಬರೆದ ಪುಸ್ತಕದಲ್ಲೇ ಮೇಣದಲ್ಲಿ ಅಚ್ಚು ತೆಗೆದು ಪ್ಲಾಸ್ಟರ್ ಹೊಯ್ಯುವುದನ್ನು ವಿವರಿಸಿದ್ದಾನೆ. ಪದಾರ್ಥ ಇವತ್ತಿಗೂ ಮೂಲತಃ ಅದೇ. ಜಿಪ್ಸಮ್ ಎಂದರೆ ಕ್ಯಾಲ್ಸಿಯಂ ಸಲ್ಫೇಟಿನ ಒಂದೊಂದು ಅಣುವಿಗೆ ಎರಡು ನೀರಿನ ಅಣು ಅಂಟಿಕೊಂಡಿರುವ ಖನಿಜ. ಕಾಯಿಸಿದಾಗ ಮುಕ್ಕಾಲು ಪಾಲು ನೀರು ಹಾರಿಹೋಗಿ ಪುಡಿ ಉಳಿಯುತ್ತದೆ. ಆ ಪುಡಿಗೆ ನೀರು ಕೊಟ್ಟರೆ ಹೋದ ನೀರನ್ನು ವಾಪಸ್ ಹಿಡಿದುಕೊಂಡು, ಸೂಜಿಯಂಥ ಹರಳುಗಳಾಗಿ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಗಟ್ಟಿಯಾಗುವಾಗ ಬಿಸಿಯೂ ಆಗುತ್ತದೆ, ಕೈಗೆ ತಿಳಿಯುತ್ತದೆ.

ಕಾಯಿಸುವ ರೀತಿಯಲ್ಲಿದೆ ವ್ಯತ್ಯಾಸ. ತೆರೆದ ಬಾಣಲೆಯಲ್ಲಿ ಕಾಯಿಸಿದರೆ ಸಿಗುವುದು ಪ್ಲಾಸ್ಟರ್ ಆಫ್ ಪ್ಯಾರಿಸ್. ಅದರ ಕಣಗಳು ಒಡ್ಡೊಡ್ಡಾಗಿ, ತೂತುತೂತಾಗಿ ಇರುತ್ತವೆ. ಒತ್ತಡದ ಹಬೆಯಲ್ಲಿ ಕಾಯಿಸಿದರೆ ಕಣಗಳು ಒತ್ತಾಗಿ, ನಯವಾಗಿ ಬರುತ್ತವೆ. ಅದೇ ಡೆಂಟಲ್ ಸ್ಟೋನ್. ಎರಡೂ ರಾಸಾಯನಿಕವಾಗಿ ಒಂದೇ ವಸ್ತು ಅಂದರೆ ನಂಬುವುದು ಕಷ್ಟ, ಯಾಕೆಂದರೆ ಒಂದು ಉಗುರಿಗೆ ಕೆರೆದು ಬರುತ್ತದೆ, ಇನ್ನೊಂದು ಬರೋದಿಲ್ಲ.

ಕಾರಣ ನೀರು. ರಾಸಾಯನಿಕ ಲೆಕ್ಕಕ್ಕೆ 100 ಗ್ರಾಂ ಪುಡಿಗೆ ಬೇಕಾದ್ದು 18.6 ಮಿ.ಲೀ. ನೀರು ಮಾತ್ರ. ಆದರೆ ಅಷ್ಟೇ ಹಾಕಿದರೆ ಕಲಸಲು ಬರೋದಿಲ್ಲ, ಹರಿಯುವಷ್ಟು ತೆಳುವಾಗಲು ಹೆಚ್ಚು ಬೇಕು. ತೂತು ಕಣಗಳ ಪ್ಲಾಸ್ಟರ್ 45ರಿಂದ 50 ಮಿ.ಲೀ. ಕುಡಿಯುತ್ತದೆ. ಲ್ಯಾಬಿನವರು ಟೈಪ್ 3 ಅನ್ನುವ ಸ್ಟೋನಿಗೆ 28ರಿಂದ 30 ಮಿ.ಲೀ. ಸಾಕು. ಕ್ಯಾಪಿನ ಕೆಲಸಕ್ಕೆ ಬಳಸುವ ಟೈಪ್ 4ಕ್ಕೆ ಸುಮಾರು 20ರಿಂದ 24. ಹೆಚ್ಚುವರಿ ನೀರು ಹರಳಿಗೆ ಸೇರುವುದಿಲ್ಲ, ಒಣಗಿ ಹೋಗುತ್ತದೆ. ಹೋದ ಜಾಗ ಖಾಲಿ ರಂಧ್ರವಾಗಿ ಉಳಿಯುತ್ತದೆ. ಪ್ಲಾಸ್ಟರಿನ ಎರಕ ಒಂದು ಬಗೆಯ ಸ್ಪಂಜು ಅಂದರೂ ನಡೆಯುತ್ತದೆ. ಗಣಪತಿ ಮೂರ್ತಿಗೆ, ಫಾಲ್ಸ್ ಸೀಲಿಂಗಿಗೆ ತರುವ ಪುಡಿಯಲ್ಲಿ ತಾಮ್ರಪಟದ ಎರಕ ತೆಗೆಯಬೇಡಿ ಎಂದು ಹೇಳುವುದು ಇದಕ್ಕೇ. ಅಕ್ಷರದ ಅಂಚು ನಾಲ್ಕು ಸಲ ಬೆರಳಾಡಿಸುವಷ್ಟರಲ್ಲಿ ಸವೆದಿರುತ್ತದೆ.

ಹಾಗಂತ ‘ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು’ ಎನ್ನುವುದೂ ಸರಿಯಲ್ಲ. ಹರಳುಗಳು ಬೆಳೆಯುವಾಗ ಒಂದನ್ನೊಂದು ತಳ್ಳುತ್ತವೆ, ಎರಕ ಒಟ್ಟಾರೆ ಒಂದಿಷ್ಟು ಹಿಗ್ಗುತ್ತದೆ. ಮಿಶ್ರಣ ಗಟ್ಟಿಯಾದಷ್ಟೂ, ಹೆಚ್ಚು ಹೊತ್ತು ಕಲಸಿದಷ್ಟೂ ಈ ಹಿಗ್ಗು ಜಾಸ್ತಿ. ಪೊಟ್ಟಣದ ಮೇಲೆ ಬರೆದ ಪ್ರಮಾಣ ಈ ಎರಡರ ನಡುವೆ ತೂಗಿ ಕೊಟ್ಟದ್ದು. ಅದನ್ನು ಕಣ್ಣಂದಾಜಿನಲ್ಲಿ ಬದಲಾಯಿಸುವುದು ನಮ್ಮವರ ದೊಡ್ಡ ಚಟ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಔಷಧಿ ಅಂಗಡಿಯ ಸಿರಿಂಜು, ಇವೆರಡು ಇದ್ದರೆ ಸಾಕು, ಅಳೆದು ಹಾಕಬಹುದು.

ಹಿಗ್ಗುವುದು ಎಷ್ಟು? ಟೈಪ್ 4ರಲ್ಲಿ ಶೇ. 0.15ರೊಳಗೆ, ಟೈಪ್ 3ರಲ್ಲಿ ಶೇ. 0.2ರೊಳಗೆ, ಮಾಮೂಲಿ ಪ್ಲಾಸ್ಟರಿನಲ್ಲಿ ಸುಮಾರು ಶೇ. 0.3ರವರೆಗೆ. 20 ಸೆಂ.ಮೀ. ಅಗಲದ ತಾಮ್ರಪಟದಲ್ಲಿ ಶೇ. 0.15 ಅಂದರೆ 0.3 ಮಿ.ಮೀ. ಓದುವುದಕ್ಕೆ ಇದು ಏನೇನೂ ಅಲ್ಲ. ಎರಕವನ್ನು ಅಳೆದು ‘ಈ ಎರಡು ಪಟಗಳು ಒಂದೇ ಕಟ್ಟಿನವು’ ಎಂದು ವಾದಿಸುವಾಗ ಮಾತ್ರ ನೆನಪಿಡಬೇಕು. ನಮಗೆ ನಿಜವಾದ ಅಪಾಯ ಹಿಗ್ಗಿನಲ್ಲಿಲ್ಲ, ಗುಳ್ಳೆಯಲ್ಲಿದೆ. ಅದಕ್ಕೆ ಬರುತ್ತೇನೆ.

ಅಚ್ಚಿಗೆ ಕಾಲಮಿತಿ ಇದೆ

ಹಲ್ಲಿನ ಅಚ್ಚು ಮುಖ್ಯವಾಗಿ ಎರಡು ಬಗೆಯ ಪದಾರ್ಥದಲ್ಲಿ ಬರುತ್ತದೆ. ಒಂದು ಆಲ್ಜಿನೇಟ್, ಕಂದು ಬಣ್ಣದ ಕಡಲಪಾಚಿಯಿಂದ ತೆಗೆದದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ಜಪಾನಿನಿಂದ ಬರುತ್ತಿದ್ದ ಅಗರ್ ನಿಂತಾಗ ಇದು ಬಳಕೆಗೆ ಬಂದಿತು. ಅಗ್ಗ, ಕೆಲವೇ ನಿಮಿಷದಲ್ಲಿ ಗಟ್ಟಿ. ಆದರೆ ಅದರ ಮುಕ್ಕಾಲು ಪಾಲಿಗಿಂತ ಹೆಚ್ಚು ಬರೀ ನೀರು. ಗಾಳಿಗೆ ಇಟ್ಟರೆ ನೀರು ಬಿಟ್ಟುಕೊಟ್ಟು ಕುಗ್ಗುತ್ತದೆ, ನೀರಿನಲ್ಲಿ ಇಟ್ಟರೆ ಹೀರಿಕೊಂಡು ಉಬ್ಬುತ್ತದೆ. ಹಾಗಾಗಿ ಬಾಯಿಂದ ತೆಗೆದ ಹತ್ತು ಹದಿನೈದು ನಿಮಿಷದೊಳಗೆ ಕಲ್ಲು ಹೊಯ್ಯಬೇಕು ಎಂಬುದು ಲ್ಯಾಬಿನ ಪಾಠ. ತಡವಾಗುವುದಾದರೆ ಒದ್ದೆ ಟಿಶ್ಯೂ ಕಾಗದದಲ್ಲಿ ಸಡಿಲವಾಗಿ ಸುತ್ತಿ, ಗಾಳಿಯಾಡದ ಚೀಲದಲ್ಲಿ ಇಡುತ್ತಾರೆ. ಅದೂ ತಾತ್ಕಾಲಿಕವೇ. ದಿನಗಟ್ಟಲೆ ತಡೆಯುವ ಆಲ್ಜಿನೇಟುಗಳೂ ಈಗ ಬಂದಿವೆ, ಆದರೆ ಪೊಟ್ಟಣದ ಮೇಲೆ ಹಾಗೆಂದು ಬರೆದಿದ್ದರೆ ಮಾತ್ರ ನಂಬಬೇಕು.

ಇನ್ನೊಂದು ಅಡಿಷನ್ ಸಿಲಿಕೋನ್. ದುಬಾರಿ, ಆದರೆ ಅಳತೆ ಕೆಡುವುದಿಲ್ಲ. ಇವತ್ತು ತೆಗೆದು ನಾಳೆ ಹೊಯ್ಯಬಹುದು, ಒಂದೇ ಅಚ್ಚಿಗೆ ಎರಡು ಮೂರು ಸಲ ಹೊಯ್ಯಬಹುದು. ಆಲ್ಜಿನೇಟ್ 0.05 ಮಿ.ಮೀ. ಗೆರೆಯನ್ನು ಹಿಡಿಯುವ ಮಟ್ಟದ್ದಾದರೆ, ತೆಳು ಸಿಲಿಕೋನ್ 0.02 ಮಿ.ಮೀ. ಗೆರೆಯನ್ನೂ ಹಿಡಿಯುತ್ತದೆ. ಎರಡು ಎಚ್ಚರಿಕೆ ಬೇಕು. ಕಲಸುವಾಗ ಲ್ಯಾಟೆಕ್ಸ್ ಕೈಗವಸು ಹಾಕಬಾರದು. ಅದರಲ್ಲಿನ ಗಂಧಕ ತಾಕಿದ ಕಡೆ ಸಿಲಿಕೋನ್ ಗಟ್ಟಿಯಾಗದೆ ಜಿಗುಟಾಗಿ ಉಳಿಯುತ್ತದೆ. ಇನ್ನು, ಕೆಲವು ಸಿಲಿಕೋನುಗಳು ಗಟ್ಟಿಯಾದ ಮೇಲೂ ಸ್ವಲ್ಪ ಹೊತ್ತು ಹೈಡ್ರೋಜನ್ ಬಿಡುತ್ತವೆ. ಆತುರಪಟ್ಟು ಹೊಯ್ದರೆ ಎರಕದ ಮೈ ತುಂಬ ಸೂಜಿಮೊನೆಯಷ್ಟು ತೂತು. ಅರ್ಧ ಗಂಟೆಯಿಂದ ಒಂದು ಗಂಟೆ ಕಾಯುವುದು ಕ್ಷೇಮ. ಒಂದಕ್ಕೆ ಅವಸರ, ಇನ್ನೊಂದಕ್ಕೆ ತಾಳ್ಮೆ. ಯಾವುದು ಯಾವುದಕ್ಕೆ ಎಂದು ಅದಲುಬದಲಾದರೆ ಕೆಲಸ ಕೆಟ್ಟ ಹಾಗೆಯೇ.

ಬಾಯಿಂದ ಬಂದ ಅಚ್ಚಿನಲ್ಲಿ ಎಂಜಲು, ರಕ್ತ ಇರುತ್ತದೆ. ಅವು ಜಿಪ್ಸಮ್ ಗಟ್ಟಿಯಾಗುವುದನ್ನು ತಡೆಯುತ್ತವೆ, ಮೇಲ್ಮೈ ಹಿಟ್ಟುಹಿಟ್ಟಾಗುತ್ತದೆ. ಅದಕ್ಕೆ ಮೊದಲು ತೊಳೆದು, ಸೋಂಕು ನಿವಾರಕ ಹಾಕಿ, ಮತ್ತೆ ತೊಳೆದು, ನಿಂತ ನೀರನ್ನು ಊದಿ ತೆಗೆಯುತ್ತಾರೆ. ನಮ್ಮ ಅಚ್ಚಿನಲ್ಲಿ ಎಂಜಲು ಇಲ್ಲದಿದ್ದರೂ ಮಣ್ಣು, ಎಣ್ಣೆ, ಕುಂಕುಮ ಇರುತ್ತವೆ. ನಿಯಮ ಒಂದೇ: ಅಚ್ಚು ಶುಚಿಯಾಗಿರಬೇಕು, ನೀರು ನಿಂತಿರಬಾರದು. ಹಾಗೆಂದು ಆಲ್ಜಿನೇಟನ್ನು ಒಣಗಿಸಿಬಿಡಲೂ ಬಾರದು.

ಹೊಯ್ಯುವ ಹತ್ತು ನಿಮಿಷ

ಬಟ್ಟಲಿಗೆ ಮೊದಲು ನೀರು, ಆಮೇಲೆ ಪುಡಿ. ರಾಗಿ ಹಿಟ್ಟಿಗೆ ನೀರು ಹಾಕುವ ಅಭ್ಯಾಸದವರಿಗೆ ಇದು ಉಲ್ಟಾ ಅನ್ನಿಸಬಹುದು. ಪುಡಿಯ ಮೇಲೆ ನೀರು ಸುರಿದರೆ ಒಳಗೆ ಒಣ ಗಂಟುಗಳು ಉಳಿದು ಅವುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ನೀರಿನ ಮೇಲೆ ಪುಡಿ ಉದುರಿಸಿದರೆ ಅದು ತಾನಾಗಿ ನೆನೆದು ಮುಳುಗುತ್ತದೆ, ಗಾಳಿ ಮೇಲಕ್ಕೆ ಹೋಗುತ್ತದೆ. ಹತ್ತಿಪ್ಪತ್ತು ಸೆಕೆಂಡು ಸುಮ್ಮನೆ ಬಿಟ್ಟು, ಆಮೇಲೆ ಒಂದು ನಿಮಿಷ ಕಲಸಬೇಕು. ಮಜ್ಜಿಗೆ ಕಡೆದ ಹಾಗೆ ಕಡೆದರೆ ನಾವೇ ಗಾಳಿ ತುಂಬಿದಂತೆ. ಅಗಲದ ಚಪ್ಪಟೆ ಕರಣೆಯಿಂದ ರಬ್ಬರ್ ಬಟ್ಟಲಿನ ಬದಿಗೆ ಒತ್ತಿ ಒತ್ತಿ ಒರೆಸಬೇಕು. ದೊಡ್ಡ ಲ್ಯಾಬುಗಳಲ್ಲಿ ಗಾಳಿ ಎಳೆದುಹಾಕಿ ನಿರ್ವಾತದಲ್ಲಿ ಕಲಸುವ ಯಂತ್ರ ಇರುತ್ತದೆ. ಅರ್ಧ ನಿಮಿಷದ ಕೆಲಸ. ಇಲ್ಲದಿದ್ದರೆ ಬಟ್ಟಲನ್ನು ಮೇಜಿಗೆ ಕುಟ್ಟಿ, ಮೇಲೆ ಬಂದ ಗುಳ್ಳೆಗಳನ್ನು ಒಡೆಯುವುದು. ಹದ ಬಂದ ಮಿಶ್ರಣ ಇಡ್ಲಿ ಹಿಟ್ಟಿಗಿಂತ ಮಂದ. ಬಟ್ಟಲನ್ನು ಓರೆ ಮಾಡಿದರೂ ತಾನಾಗಿ ಹರಿಯೋದಿಲ್ಲ, ಅಲುಗಿಸಿದ ಕೂಡಲೇ ಹರಿಯುತ್ತದೆ. ಹೊಸಬರು ಇಲ್ಲೇ ಹೆದರಿ ಇನ್ನೊಂದು ಚಮಚ ನೀರು ಹಾಕಿಬಿಡುವುದು.

ಹೊಯ್ಯುವುದು ಎಂಬ ಮಾತು ಸ್ವಲ್ಪ ದಾರಿ ತಪ್ಪಿಸುತ್ತದೆ. ಗಳಗಳನೆ ಸುರಿಯುವುದಲ್ಲ ಅದು. ಅಚ್ಚನ್ನು ಅಲುಗುವ ಯಂತ್ರದ ಮೇಲಿಟ್ಟು, ಒಂದು ಮೂಲೆಯಲ್ಲಿ ಕಡಲೆಕಾಳಿನಷ್ಟು ಮಿಶ್ರಣ ಇಡುತ್ತಾರೆ. ಅದು ಅಲುಗಾಟಕ್ಕೆ ನಿಧಾನವಾಗಿ ಒಂದು ಹಲ್ಲಿನ ಗುಂಡಿಗೆ ಇಳಿದು, ಅದನ್ನು ತುಂಬಿ, ಪಕ್ಕದ ಹಲ್ಲಿಗೆ ಹರಿಯುತ್ತದೆ. ಯಾವಾಗಲೂ ಅದೇ ಮೂಲೆಯಲ್ಲೇ ಮತ್ತೆ ಮತ್ತೆ ಸೇರಿಸುವುದು. ಮಿಶ್ರಣದ ಮುಂಚೂಣಿ ಗಾಳಿಯನ್ನು ತನ್ನ ಮುಂದೆ ತಳ್ಳಿಕೊಂಡು ಹೋಗಬೇಕು. ಗದ್ದೆಗೆ ತೂಬಿನಿಂದ ನೀರು ಬಿಟ್ಟಂತೆ, ಒಂದೇ ಬದಿಯಿಂದ. ಎರಡು ಕಡೆಯಿಂದ ಹಾಕಿದರೆ ನಡುವೆ ಗಾಳಿ ಸಿಕ್ಕಿಬೀಳುತ್ತದೆ. ಸಿಲಿಕೋನಿನ ಮೈ ನೀರನ್ನು ಒಲ್ಲದ್ದು, ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಮಿಶ್ರಣ ಅದರ ಮೇಲೆ ಉರುಳುತ್ತದೆ. ಹಾಗಾಗಿ ಮೊದಲು ಸಾಬೂನಿನಂಥ ದ್ರವವನ್ನು ತೆಳುವಾಗಿ ಸಿಂಪಡಿಸಿ ಒಣಗಿಸುತ್ತಾರೆ. ತಾಮ್ರಪಟದಂಥ ಚಪ್ಪಟೆ ಅಚ್ಚಿಗೆ ಇನ್ನೂ ಒಂದು ಉಪಾಯ ಇದೆ: ಮೊದಲ ತೆಳು ಪದರವನ್ನು ಮೆತ್ತನೆ ಕುಂಚದಿಂದ ಗೆರೆಗೆರೆಯ ಮೇಲೂ ಬಳಿದು, ಅದು ಹಸಿ ಇರುವಾಗಲೇ ಉಳಿದದ್ದನ್ನು ಸೇರಿಸುವುದು.

ತುಂಬಿದ ಅಚ್ಚನ್ನು ಕೂಡಲೇ ಬೋರಲು ಹಾಕಬಾರದು. ಬೋರಲಾದರೆ ಮಿಶ್ರಣ ಸೂಕ್ಷ್ಮ ಜಾಗಗಳಿಂದ ಜಾರುತ್ತದೆ. ಅಲ್ಲದೆ ಗಟ್ಟಿಯಾಗುವಾಗ ಹೆಚ್ಚುವರಿ ನೀರು ಮೇಲಕ್ಕೆ ಬರುವುದು ಸಹಜ. ನಮಗೆ ಬೇಕಾದ ಮುಖವೇ ಮೇಲಿದ್ದರೆ ಅದೇ ಮೆದುವಾಗುತ್ತದೆ. ಮುಖ ಕೆಳಗಿರಲಿ, ಬೆನ್ನು ಮೇಲಿರಲಿ. ಹೊಳಪು ಹೋದ ಮೇಲೆ ಬೇಕಿದ್ದರೆ ಬೇರೆಯಾಗಿ ಪೀಠ ಕೂಡಿಸಬಹುದು.

ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಟ್ಟು ಬಿಡಿಸುವುದು. ಆಲ್ಜಿನೇಟನ್ನು ರಾತ್ರಿಯಿಡೀ ಹಾಗೇ ಬಿಟ್ಟರೆ ಅದು ಒಣಗಿ ಎರಕದ ಮೈಯನ್ನೇ ಕೆರೆದು ತೆಗೆಯುತ್ತದೆ. ಬಿಡಿಸಿದಾಗ ಸಿಗುವ ಎರಕ ನೋಡಲು ಗಟ್ಟಿ, ಆದರೆ ಒಳಗೆ ಹಸಿ. ಒಂದು ದಿನ ಒಣಗಿದ ಮೇಲೆ ಅದರ ಬಲ ಸುಮಾರು ಇಮ್ಮಡಿ. ಅಲ್ಲಿಯವರೆಗೆ ಉಜ್ಜಬೇಡಿ. ಮಣ್ಣಾಯಿತೆಂದು ನಲ್ಲಿ ಕೆಳಗೆ ಹಿಡಿಯಲೂಬೇಡಿ. ಜಿಪ್ಸಮ್ ನೀರಿನಲ್ಲಿ ನಿಧಾನವಾಗಿ ಕರಗುತ್ತದೆ. ತೊಳೆಯಲೇಬೇಕಿದ್ದರೆ ಲ್ಯಾಬಿನವರು ಎರಕದ ಚೂರುಗಳನ್ನು ಹಾಕಿಟ್ಟ, ಇನ್ನು ಕರಗಿಸಿಕೊಳ್ಳಲಾರದ ನೀರನ್ನೇ ಬಳಸುತ್ತಾರೆ.

ಕರಾವಳಿ, ಮಲೆನಾಡಿನ ಓದುಗರಿಗೆ ಒಂದು ಮಾತು. ಮಳೆಗಾಲದಲ್ಲಿ ತೆರೆದಿಟ್ಟ ಪುಡಿ ಗಾಳಿಯ ತೇವ ಹೀರಿಕೊಂಡು ಕೆಡುತ್ತದೆ. ಗಟ್ಟಿಯಾಗುವ ಸಮಯ ಏರುಪೇರಾದರೆ ಆ ಡಬ್ಬಿಯ ಮೇಲೆ ಭರವಸೆ ಇಡಬೇಡಿ.

ಗುಳ್ಳೆ ಹುಟ್ಟಿಸುವ ಅಕ್ಷರ

ಈಗ ನಮ್ಮ ವಿಷಯಕ್ಕೆ ಬರೋಣ. ಎರಕದಲ್ಲಿ ಗುಳ್ಳೆ ಎರಡು ಹಂತದಲ್ಲಿ ಹುಟ್ಟಬಹುದು, ಎರಡರ ಫಲವೂ ಬೇರೆ.

ಕಲ್ಲು ಹೊಯ್ಯುವಾಗ ಅಚ್ಚಿನ ಮೈಗೆ ಗಾಳಿಗುಳ್ಳೆ ಅಂಟಿ ಉಳಿದರೆ, ಎರಕದಲ್ಲಿ ಅಲ್ಲಿ ಒಂದು ಕುಳಿ. ಅಚ್ಚು ತೆಗೆಯುವಾಗಲೇ ಮೂಲಕ್ಕೂ ಅಚ್ಚಿನ ಪದಾರ್ಥಕ್ಕೂ ನಡುವೆ ಗುಳ್ಳೆ ಸಿಕ್ಕಿದರೆ, ಅಚ್ಚಿನಲ್ಲಿ ಒಂದು ಕುಳಿ ಬಿದ್ದು ಎರಕದಲ್ಲಿ ಅಲ್ಲಿ ಒಂದು ಮಣಿ. ಹಲ್ಲಿನ ಎರಕದಲ್ಲಿ ಮಣಿ ಇದ್ದರೆ ಚಾಕುವಿನಿಂದ ಕೆತ್ತುತ್ತಾರೆ, ಕುಳಿ ಇದ್ದರೆ ಮೇಣ ತುಂಬುತ್ತಾರೆ. ಮುಖ್ಯ ಜಾಗದಲ್ಲಾಗಿದ್ದರೆ ಎರಕವನ್ನೇ ಎಸೆಯುತ್ತಾರೆ. ಹಲ್ಲು ಹೇಗಿರುತ್ತದೆ ಎಂದು ಅವರಿಗೆ ಗೊತ್ತು. ಅಕ್ಷರ ಹೇಗಿತ್ತು ಎಂದು ನಮಗೆ ಗೊತ್ತಿಲ್ಲ, ಅದನ್ನು ತಿಳಿಯುವುದಕ್ಕೇ ತಾನೆ ಎರಕ ತೆಗೆದದ್ದು.

ಕೊರೆದ ಅಕ್ಷರದ ಶಾಸನದಲ್ಲಿ ಪುಟ್ಟ ದುಂಡು ಕುಳಿ ಎಂದರೆ ಏನು? ಅನುಸ್ವಾರ. ಹಳೆಯ ಶಾಸನಗಳಲ್ಲಿ ಅದು ಅಕ್ಷರದ ನೆತ್ತಿಯ ಬಳಿ ಚುಕ್ಕೆಯಾಗಿ ಬರುತ್ತದೆ, ಆಮೇಲಾಮೇಲೆ ಪಕ್ಕದಲ್ಲಿ ಸೊನ್ನೆಯಾಗುತ್ತದೆ. ‘ಮಗ’ ಎಂಬಲ್ಲಿ ನಡುವೆ ಒಂದು ಗುಳ್ಳೆ ಬಿದ್ದರೆ ‘ಮಂಗ’. ಇದು ನಗುವ ವಿಷಯ, ಯಾರೂ ಮೋಸ ಹೋಗೋದಿಲ್ಲ. ಆದರೆ ಕೊನೆಯಲ್ಲಿ ಬಿದ್ದರೆ ‘ಮಗಂ’. ಇದರಲ್ಲಿ ಯಾರಿಗೂ ಅನುಮಾನ ಬರೋದಿಲ್ಲ, ಯಾಕೆಂದರೆ ಅದು ಸೊಗಸಾದ ಹಳಗನ್ನಡ ರೂಪ. ಪ್ರಥಮಾ ವಿಭಕ್ತಿಯ ಈ ಸೊನ್ನೆ ಹಳಗನ್ನಡದ ಗುರುತು; ನಡುಗನ್ನಡಕ್ಕೆ ಬರುವಾಗ ‘ಅರಸಂ’ ಹೋಗಿ ‘ಅರಸನು’, ‘ಅರಸ’ ನಿಲ್ಲುತ್ತವೆ. ಕಾಲ ನಮೂದಿಸದ ಶಾಸನವನ್ನು ಭಾಷೆಯ ಆಧಾರದ ಮೇಲೆ ಹಿಂದಕ್ಕೋ ಮುಂದಕ್ಕೋ ಸರಿಸುವಾಗ ನಾವು ನೋಡುವುದು ಇಂಥ ರೂಪಗಳನ್ನೇ. ನಾಲ್ಕೈದು ಸಾಲಿನ ಪುಟ್ಟ ಬರಹದಲ್ಲಿ ಒಂದು ಗುಳ್ಳೆಗೂ ಮತದಾನದ ಹಕ್ಕು ಸಿಕ್ಕಿಬಿಟ್ಟರೆ?

ಮಣಿಯದ್ದು ಇನ್ನೊಂದು ಬಗೆಯ ಮೋಸ. ಅದು ಇರುವ ಗೆರೆಯನ್ನು ಮುಚ್ಚುತ್ತದೆ. ಪ ಮತ್ತು ಷ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಗೆರೆ. ಆ ಗೆರೆ ತೆಳುವಾಗಿದ್ದು ಅದರ ಮೇಲೆ ಮಣಿ ಕೂತರೆ ಷ ಪ ಆಗುತ್ತದೆ. ಹೊಸ ಗುರುತು ಕಂಡರೆ ಯಾರಾದರೂ ಪ್ರಶ್ನೆ ಕೇಳಿಯಾರು, ಇಲ್ಲದ ಗೆರೆಯ ಬಗ್ಗೆ ಯಾರು ಕೇಳುತ್ತಾರೆ?

ತಾಮ್ರಶಾಸನದ ಮುದ್ರೆಯಲ್ಲಿ ಲೆಕ್ಕ ತಿರುಗುತ್ತದೆ. ಗಂಗರ ಆನೆ, ಚಾಲುಕ್ಯರ ವರಾಹ, ಇವೆಲ್ಲ ಉಬ್ಬು. ಉಬ್ಬಿನ ಅಚ್ಚು ಆಳವಾದ ಗುಂಡಿ. ಹಲ್ಲಿನ ಅಚ್ಚಿನ ಹಾಗೆಯೇ. ಅಲ್ಲಿ ಹೊಯ್ಯುವಾಗಿನ ಗುಳ್ಳೆ ಗುಂಡಿಯ ತಳದಲ್ಲಿ ಕೂತು, ಎರಕದಲ್ಲಿ ಸೊಂಡಿಲಿನ ತುದಿಯನ್ನೋ ಕೋರೆಯನ್ನೋ ತಿಂದುಹಾಕುತ್ತದೆ. ಕೋರೆ ಮುರಿದ ಮುದ್ರೆ, ಸವೆದ ಮುದ್ರೆ ಎಂದು ವರ್ಣಿಸುವ ಮುಂಚೆ ಮೂಲವನ್ನೊಮ್ಮೆ ನೋಡಿ.

ಗುಳ್ಳೆಯನ್ನು ಗುರುತಿಸುವುದು ಹೇಗೆ? ಭೂತಗನ್ನಡಿ ಸ್ವಲ್ಪ ಸಹಾಯ ಮಾಡುತ್ತದೆ. ಗುಳ್ಳೆಯ ಕುಳಿ ಅರ್ಧಗೋಳ, ಒಳಗೆ ನುಣುಪು. ಉಳಿಯ ಕುಳಿಯಲ್ಲಿ ಏಟಿನ ಗುರುತು, ಎಬ್ಬಿದ ಅಂಚು ಇರುತ್ತದೆ. ವೃತ್ತವಾಗಿ ಕೊರೆದ ಸೊನ್ನೆಯಾದರೆ ನಡುವೆ ಒಂದು ದ್ವೀಪ ಉಳಿದಿರುತ್ತದೆ. ಆದರೆ ಸವೆದ ಪಟದಲ್ಲಿ ಇದು ಯಾವುದೂ ಖಚಿತವಲ್ಲ. ನನ್ನ ಮಟ್ಟಿಗೆ ಖಚಿತವಾದ ದಾರಿ ಒಂದೇ: ಒಂದು ಸಿಲಿಕೋನ್ ಅಚ್ಚಿನಿಂದ ಎರಡು ಎರಕ. ಹೊಯ್ಯುವಾಗಿನ ಗುಳ್ಳೆ ಎರಡನೇ ಎರಕದಲ್ಲಿ ಅದೇ ಜಾಗಕ್ಕೆ ಬರುವುದು ಅಪರೂಪ. ಕೊರೆದ ಸೊನ್ನೆ ಎರಡರಲ್ಲೂ ಬರುತ್ತದೆ. ಅಚ್ಚಿನಲ್ಲೇ ಇರುವ ಗುಳ್ಳೆಗೆ ಮಾತ್ರ ಈ ಪರೀಕ್ಷೆ ನಡೆಯೋದಿಲ್ಲ. ಆ ಮಣಿ ಎಷ್ಟು ಎರಕ ತೆಗೆದರೂ ಅಲ್ಲೇ ಇರುತ್ತದೆ. ಅದಕ್ಕೆ ಓರೆಬೆಳಕಿನ ಛಾಯಾಚಿತ್ರವನ್ನೋ ಪಡಿಯಚ್ಚನ್ನೋ ಪಕ್ಕದಲ್ಲಿಟ್ಟು ನೋಡಬೇಕು. ಆಲ್ಜಿನೇಟ್ ಮೊದಲ ಎರಕ ಬಿಡಿಸುವಾಗಲೇ ಹರಿಯುವುದರಿಂದ ನಮ್ಮ ಕೆಲಸಕ್ಕೆ ಅದನ್ನು ನಾನು ಒಪ್ಪುವುದಿಲ್ಲ. ನೀರು, ಲವಣ ಇರುವ ಅದನ್ನು ತಾಮ್ರದ ಮೇಲೆ ಹಾಕುವುದೂ ಒಳ್ಳೆಯದಲ್ಲ.

‘ಈಗ ತ್ರಿಡಿ ಸ್ಕ್ಯಾನ್ ಇದೆಯಲ್ಲ, ಇದೆಲ್ಲ ಯಾಕೆ’ ಎನ್ನಬಹುದು. ಕಲ್ಲಿನ ಶಾಸನಗಳಿಗೆ ಅದು ಸರಿಯಾದ ಮಾತು. ಬೆಂಗಳೂರಿನ ಶಾಸನಗಳನ್ನು ಮಿಥಿಕ್ ಸೊಸೈಟಿ ತ್ರಿಡಿಯಲ್ಲಿ ದಾಖಲಿಸುತ್ತಿರುವುದು ನಿಮಗೆಲ್ಲ ಗೊತ್ತೇ ಇದೆ. ಮುಟ್ಟದೆ ಆಗುವ ಕೆಲಸ ಅದು. ಆದರೆ ಹೊಳೆಯುವ ಲೋಹದ ಮೇಲ್ಮೈ ಸ್ಕ್ಯಾನರಿಗೆ ತಲೆನೋವು, ಮಂಕಾದ ಎರಕ ಸಲೀಸು. ಡೆಂಟಲ್ ಲ್ಯಾಬುಗಳಲ್ಲೂ ಎಷ್ಟೋ ಕಡೆ ಸ್ಕ್ಯಾನ್ ಮಾಡುವುದು ಸ್ಟೋನ್ ಮಾಡೆಲನ್ನೇ. ಹಾಗೆ ಮಾಡಿದಾಗ ಎರಕದ ಗುಳ್ಳೆ ಅಳಿಸಿಹೋಗುವುದಿಲ್ಲ, ಕಂಪ್ಯೂಟರಿನೊಳಕ್ಕೆ ಹೋಗಿ ಇನ್ನಷ್ಟು ನಂಬಿಕಸ್ಥವಾಗಿ ಕಾಣುತ್ತದೆ.

ಎಲ್ಲಿ ಮಾಡಬಾರದು

ಇಷ್ಟು ಓದಿ ಉತ್ಸಾಹದಿಂದ ಊರ ಮುಂದಿನ ವೀರಗಲ್ಲಿಗೆ ಸಿಲಿಕೋನ್ ಮೆತ್ತಲು ಹೊರಡಬೇಡಿ. ಸಿಲಿಕೋನಿನ ಎಣ್ಣೆ ರಂಧ್ರವಿರುವ ಕಲ್ಲಿಗೆ ಇಳಿದು ಕಪ್ಪು ಕಲೆ ಬಿಡುತ್ತದೆ, ಹೋಗಿಸುವುದು ಬಹಳ ಕಷ್ಟ. ಚಕ್ಕೆ ಏಳುತ್ತಿರುವ ಕಲ್ಲಾದರೆ ಅಚ್ಚು ಕೀಳುವಾಗ ಅಕ್ಷರವೂ ಕಿತ್ತುಬರುತ್ತದೆ. ಸಂರಕ್ಷಿತ ಸ್ಮಾರಕದಲ್ಲಿ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಅಚ್ಚು ತೆಗೆಯುವ ಹಾಗೂ ಇಲ್ಲ. ತಾಮ್ರಪಟವೂ ಅಷ್ಟೇ: ಅದು ಯಾರ ವಶದಲ್ಲಿದೆಯೋ ಅವರ ಒಪ್ಪಿಗೆ, ಸಂರಕ್ಷಣೆ ಬಲ್ಲವರೊಬ್ಬರ ಕಣ್ಣು, ಎರಡೂ ಇರಬೇಕು. ಕೈ ಪಳಗಿಸಿಕೊಳ್ಳಲು ಒಂದು ಹಳೆಯ ಹಿತ್ತಾಳೆ ತಟ್ಟೆ, ಅದರ ಮೇಲೆ ಕೊರೆದ ಅಜ್ಜಿಯ ಹೆಸರು ಸಾಕು. ಪಾತ್ರೆ ಅಂಗಡಿಯವರು ಚುಕ್ಕೆಚುಕ್ಕೆಯಾಗಿ ಬರೆದ ಆ ಹೆಸರಿನಷ್ಟು ಕಠಿಣ ಪರೀಕ್ಷೆ ಇನ್ನೊಂದಿಲ್ಲ. ಚುಕ್ಕೆ ಯಾವುದು ಗುಳ್ಳೆ ಯಾವುದು ಅಲ್ಲೇ ಕಲಿಯಬಹುದು.

ಪ್ರದರ್ಶನದ ಪ್ರತಿಕೃತಿಯೇ ಬೇರೆ, ಓದುವ ಎರಕವೇ ಬೇರೆ ಎಂಬುದನ್ನೂ ಹೇಳಬೇಕು. ಹಲ್ಮಿಡಿಯಲ್ಲಿ ನಿಲ್ಲಿಸಿರುವ ಫೈಬರ್‌ಗ್ಲಾಸ್ ಪ್ರತಿಕೃತಿ ಊರಿಗೆ ತನ್ನ ಶಾಸನವನ್ನು ತೋರಿಸುವುದಕ್ಕೆ ಇರುವುದು. ಅದರ ಎದುರು ನಿಂತು ಅಕ್ಷರದ ಬಗ್ಗೆ ವಾದ ಮಾಡಬಾರದು.

ಓದುವ ಎರಕಕ್ಕೆ ಎಂಥ ಭಾರ ಬೀಳಬಹುದು ಎಂಬುದಕ್ಕೆ ಎರಡು ಹೊರಗಿನ ಉದಾಹರಣೆ ಇವೆ. ಈಗಿನ ಜೋರ್ಡಾನಿನ ಧಿಬಾನ್‌ನಲ್ಲಿ 1868ರಲ್ಲಿ ಬೆಳಕಿಗೆ ಬಂದ ಮೇಶ ದೊರೆಯ ಶಾಸನವನ್ನು ಮರುವರ್ಷವೇ ಒಡೆದು ಚೂರು ಮಾಡಲಾಯಿತು. ಅದಕ್ಕೆ ಸ್ವಲ್ಪ ಮುಂಚೆ ಕ್ಲೆರ್ಮೋ ಗಾನೋ ಎಂಬ ಫ್ರೆಂಚ್ ವಿದ್ವಾಂಸ ಒಬ್ಬನನ್ನು ಕಳಿಸಿ ಕಾಗದದ ಅಚ್ಚು ತೆಗೆಸಿದ್ದ. ಗಲಾಟೆಯಲ್ಲಿ ಒದ್ದೆ ಕಾಗದವೇ ಹರಿದು ಚೂರಾಗಿ ಬಂದಿತ್ತು. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಇವತ್ತು ನಿಂತಿರುವ ಕಲ್ಲು ಸಿಕ್ಕಿದ ಚೂರುಗಳಿಗೆ ಆ ಅಚ್ಚಿನ ಆಧಾರದ ಮೇಲೆ ಪ್ಲಾಸ್ಟರ್ ಸೇರಿಸಿ ಕಟ್ಟಿದ್ದು. ಸೇರಿಸಿದ ಭಾಗ ಬೇರೆಯೇ ಆಗಿ, ನುಣುಪಾಗಿ ಕಾಣುತ್ತದೆ. ಹಾಗೆ ಕಾಣಬೇಕು ಕೂಡ. ಇನ್ನೊಂದು, 1880ರ ದಶಕದಲ್ಲಿ ಆಲ್ಫ್ರೆಡ್ ಮಾಡ್ಸ್ಲೆ ಮಧ್ಯ ಅಮೆರಿಕದ ಕಾಡುಗಳಲ್ಲಿ ಮಾಯಾ ಶಿಲಾಲೇಖಗಳಿಗೆ ಕಾಗದದಲ್ಲಿ, ಪ್ಲಾಸ್ಟರಿನಲ್ಲಿ ತೆಗೆದ ಅಚ್ಚುಗಳು. ಅವುಗಳಿಂದ ಹೊಯ್ದ ಎರಕಗಳು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಮೂಲಗಳು ಆಮೇಲೆ ಮಳೆಬಿಸಿಲಿಗೆ ಸವೆದದ್ದರಿಂದ ಕೆಲವೆಡೆ ಎರಕದಲ್ಲೇ ಹೆಚ್ಚು ಓದಲು ಸಿಗುತ್ತದೆ.

ಆದ್ದರಿಂದ ಎರಕ ತೆಗೆದವರು ಅದರ ಬೆನ್ನಿನ ಮೇಲೆ, ಹಸಿ ಇರುವಾಗಲೇ, ಮೊಳೆಯಿಂದ ಗೀರಬೇಕಾದದ್ದು: ಯಾವ ಶಾಸನ, ಎಷ್ಟನೇ ಪಟ, ಯಾವ ಮುಖ, ಅಚ್ಚು ತೆಗೆದ ದಿನ, ಹೊಯ್ದ ದಿನ, ಅದೇ ಅಚ್ಚಿನ ಎಷ್ಟನೇ ಎರಕ, ಸ್ಟೋನ್ ಯಾವ ಬಗೆ, ನೀರು ಎಷ್ಟು. ಮುಖದ ಮೇಲಿನ ಮಣಿಯನ್ನು ಕೆತ್ತಬೇಡಿ, ಕುಳಿಯನ್ನು ತುಂಬಬೇಡಿ. ಎರಡು ಎರಕ ಹೋಲಿಸಿ ಗುಳ್ಳೆ ಎಂದು ಖಾತ್ರಿಯಾದದ್ದರ ಸುತ್ತ ಕೆಂಪು ಪೆನ್ಸಿಲ್ಲಿನಲ್ಲಿ ಒಂದು ಸುತ್ತು ಹಾಕಿ, ಖಾತ್ರಿಯಾಗದ್ದಕ್ಕೆ ನೀಲಿ. ಅಚ್ಚನ್ನು ಎಸೆಯದೆ ಎರಕದ ಜೊತೆಗೇ ಒಂದು ಡಬ್ಬಿಯಲ್ಲಿ ಇಡಿ.